ಮೋಲ್ಡ್ ದಿನದ ಊಟ

ಕಂಟ್ರಾಕ್ಟರ್ ಚಿಕ್ಕವೆಂಕಟಪ್ಪನಿಗೆ ಒಳ್ಳೆಯ ಕೆಲಸ ಮಾಡುವಾಗ ವಿಪರೀತ ಆತುರ. ಬಂಗಾರಪೇಟೆಯ ಬಡಾವಣೆಗಳಲ್ಲಿ ಮನೆ ಕಟ್ಟಿಸಿ ಕಾಲೂರಿದ ಮೇಲೆ, ವರ್ಷಕ್ಕೊಂದು ಮನೆಯನ್ನು ಇಲ್ಲದವರಿಗೆ ಪುಕ್ಕಟೆಯಾಗಿ ಕಟ್ಟಿಕೊಡಬೇಕೆಂದು ಮನಸ್ಸಿನಲ್ಲೇ ಹರಕೆ ಹೊತ್ತ. ಹೊತ್ತವನು ಬಾಯಿ ಮುಚ್ಚಿಕೊಂಡಿರಲಾರದೆ ವಾರದೊಳಗೆ ಊರಿಗೆಲ್ಲ ಹೇಳಿಯೂಬಿಟ್ಟ. ಜನ ಹಿಂದಿನಿಂದ ನಕ್ಕರು. ಆದರೂ ಮನೆಗಳು ಮಾತ್ರ ವರ್ಷ ವರ್ಷವೂ ನಿಜವಾಗಿಯೇ ಏಳುತ್ತಿದ್ದವು.

ಈ ವರ್ಷದ ಸರದಿ ಅಮ್ಮಾಜಮ್ಮನದು. ಬೇತಮಂಗಲದ ರಸ್ತೆಯಲ್ಲಿರುವ ಸಣ್ಣ ಊರಿನವಳು; ಗಂಡ ಇಲ್ಲ, ಮಕ್ಕಳಿಲ್ಲ. ಚಿಕ್ಕವೆಂಕಟಪ್ಪ ಕೈಯಲ್ಲಿ ಕರಣೆ ಹಿಡಿದ ಬರೀ ಮೇಸ್ತ್ರಿಯಾಗಿದ್ದ ಕಾಲದಿಂದ ಅವನ ಕೆಲಸಗಳಲ್ಲಿ ಕಾಂಕ್ರೀಟಿನ ಬಾಂಡ್ಲಿ ಹೊತ್ತವಳು. ಹೋದ ಮಳೆಗೆ ಅವಳ ಮಣ್ಣಿನ ಗೋಡೆ ಕುಸಿದು, ಪಕ್ಕದ ಮನೆಯ ವೆಂಕಟರತ್ನಮ್ಮನ ದನದ ಕೊಟ್ಟಿಗೆಗೆ ಟಾರ್ಪಾಲು ಕಟ್ಟಿಕೊಂಡು ಮಲಗುತ್ತಿದ್ದಾಳೆಂದು ತಿಳಿದಾಗ ಅವನಿಗೆ ನಾಚಿಕೆಯಾಯಿತು. ಊರೆಲ್ಲ ಹುಡುಕಿದೆ, ನನ್ನ ಕೆಲಸದಲ್ಲೇ ಸವೆದವಳು ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಕೊರಗಿದ. ಮಾರನೆಯ ದಿನವೇ ಪಾಯ ತೋಡಿಸಿದ.

ಗೋಡೆಗಳು ಎದ್ದವು, ಮೋಲ್ಡ್ ಹಾಕುವ ದಿನ ಬಂತು. ತಾರಸಿಗೆ ಕಾಂಕ್ರೀಟು ಹಾಕುವ ಆ ದಿನ ಕೆಲಸದವರಿಗೆಲ್ಲ ಮನೆಯ ಯಜಮಾನನೇ ಊಟ ಹಾಕಬೇಕು. ಎಂಥ ಜಿಪುಣನೂ ಅವತ್ತು ಕೋಳಿ ಕೊಯ್ಯುತ್ತಾನೆ. ಇದು ಚಿಕ್ಕವೆಂಕಟಪ್ಪನಿಗೆ ಗೊತ್ತಿಲ್ಲದ ವಿಷಯವೇ? ಗೊತ್ತಿದ್ದೇ ಕೆಟ್ಟ. ಪಾಪ, ಇವಳು ಇಷ್ಟು ಜನಕ್ಕೆ ಎಲ್ಲಿಂದ ಊಟ ಹಾಕಿಯಾಳು ಎಂದು ತಾನೇ ಯೋಚಿಸಿ, ತಾನೇ ತೀರ್ಮಾನಿಸಿ, ಬಂಗಾರಪೇಟೆಯಿಂದ ಬಿರಿಯಾನಿ ತರಿಸಿದ. ಅವಳನ್ನು ಒಂದು ಮಾತು ಕೇಳಲಿಲ್ಲ. ಸ್ನೇಹಿತರು ಬೇರೆ ಅವನು ಕೈಮುಗಿದು ನಿಂತಿರುವ ಬ್ಯಾನರು ತಂದು ಗೋಡೆಗೆ ಕಟ್ಟಿದರು.

ಮಧ್ಯಾಹ್ನ ಕಾಂಕ್ರೀಟು ಮುಗಿಯಿತು. ಹಸಿದ ಆಳುಗಳು ಬಿರಿಯಾನಿಯ ಮುಂದೆ ಕೂತು ಅರ್ಧ ಊಟ ಮಾಡಿದ್ದರು. ಆಗ ಬಂದಳು ಅಮ್ಮಾಜಮ್ಮ. ಪೆಟ್ಟಿಗೆಯಿಂದ ತೆಗೆದ ಮಡಿಕೆ ಮುರಿಯದ ಸೀರೆ, ತಲೆಯ ಮೇಲೆ ರಾಗಿಮುದ್ದೆಯ ಪುಟ್ಟಿ. ಹಿಂದೆ ವೆಂಕಟರತ್ನಮ್ಮ, ಎರಡೂ ಕೈಯಲ್ಲಿ ಕೋಳಿಸಾರಿನ ಪಾತ್ರೆ. ಸಾಕಿದ ಹುಂಜಗಳೆರಡನ್ನೂ ಅಮ್ಮಾಜಮ್ಮ ಅವತ್ತು ಕೊಯ್ಯಿಸಿದ್ದಳು. ಊಟದ ಸಾಲನ್ನು ನೋಡಿ ಅವಳ ಕಾಲು ಅಲ್ಲೇ ನಿಂತುಬಿಟ್ಟಿತು.

"ಬಾಕ್ಕಾ, ನೀನೂ ಒಂದ್ ತಟ್ಟೆ ಆಕ್ಕೋ. ನಿಂಗ್ಯಾಕೆ ತಾಪತ್ರಯ ಅಂತ ನಾನೇ ತರಿಸ್ಬುಟ್ಟೆ" ಎಂದ ಚಿಕ್ಕವೆಂಕಟಪ್ಪ, ನಗುನಗುತ್ತಾ.

"ಎಷ್ಟೋ ಮನೆ ಮೋಲ್ಡಿಗೆ ಬಾಂಡ್ಲಿ ಒತ್ತಿದ್ದೀನಿ ಮೇಸ್ತ್ರಿ. ಎಲ್ಲಾ ಮನೇಲೂ ಉಂಡಿದ್ದೀನಿ" ಎಂದಳು ಅಮ್ಮಾಜಮ್ಮ. "ನಂದೂ ಅಂತ ಒಂದಾದ್ರೆ, ಒಂದ್ ದಿನ ನಾನೂ ಬಡಿಸ್ಬೇಕು ಅಂತಿತ್ತು. ಊಟ ಆಕ್ದೋರ್ದು ಮನೆ. ನೀನ್ ಆಕ್ದೆ, ನೀನೇ ಇಟ್ಕೋ."

ಕೂಗಲಿಲ್ಲ, ಅಳಲಿಲ್ಲ. ಪುಟ್ಟಿ ಹೊತ್ತುಕೊಂಡೇ ಕೊಟ್ಟಿಗೆಯತ್ತ ತಿರುಗಿದಳು.

ಚಿಕ್ಕವೆಂಕಟಪ್ಪನಿಗೆ ಪಿತ್ತ ನೆತ್ತಿಗೇರಿತು. "ನೋಡಿದ್ಯೇನ್ಲಾ ಇವಳ ಕೊಬ್ಬು! ಮನೇನೇ ಕೊಡ್ತಿದ್ದೀನಿ, ಇವಳಿಗೆ ಮುದ್ದೆ ಚಿಂತೆ!" ಎಂದು ತನ್ನ ಮೇಸ್ತ್ರಿ ಕುಪ್ಪುಸ್ವಾಮಿಯ ಮೇಲೆ ಹಾರಾಡಿದ.

ಕುಪ್ಪುಸ್ವಾಮಿ ಊರಿಗಾಂನವನು, ಚಿನ್ನದ ಗಣಿಯವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ್ದ ಲೈನು ಮನೆಯಲ್ಲಿ ಬೆಳೆದವನು. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಅಡ ಪೋಂಗ ಸಾರ್, ಸುಮ್ನೆ ಹೋಗಿ" ಎಂದ, ಅರ್ಧ ತಮಿಳಿನಲ್ಲಿ. "ನಮ್ಮಪ್ಪ ಲೈನ್ ಮನೇಲೇ ಹುಟ್ಟಿ ಲೈನ್ ಮನೇಲೇ ಸತ್ರು. ಸಾಯೋವರ್ಗೂ, ಸ್ವಂತಕ್ಕೆ ಮನೆ ಕಟ್ಟಿ ಮೋಲ್ಡ್ ದಿನ ನಾಲ್ಕ್ ಜನಕ್ಕೆ ಊಟ ಆಕ್ಬೇಕು ಅಂತಾನೇ ಇದ್ರು. ಆ ಅಮ್ಮಂದು ಕೊಬ್ಬಲ್ಲ ಸಾರ್."

ಚಿಕ್ಕವೆಂಕಟಪ್ಪ ಕುರ್ಚಿ ಹತ್ತಿ ಬ್ಯಾನರನ್ನು ತಾನೇ ಕಿತ್ತು ಸುತ್ತಿಟ್ಟ.

ಗಾರೆ ಮುಗಿಯಿತು, ಬಾಗಿಲು ಕೂತಿತು, ಸುಣ್ಣ ಬಳಿದದ್ದೂ ಆಯಿತು. ಅಮ್ಮಾಜಮ್ಮ ಮಾತ್ರ ಹೊಸ ಮನೆಯ ಹೊಸಿಲು ತುಳಿಯಲಿಲ್ಲ. ಆಕಾಶ ಕಪ್ಪಾಗುತ್ತಿತ್ತು, ಟಾರ್ಪಾಲು ಎರಡು ಕಡೆ ಹರಿದಿತ್ತು. ಈ ಮಳೆಯೂ ಅವಳು ದನಗಳ ಪಕ್ಕದಲ್ಲೇ ನೆನೆದರೆ ತಾನು ಕಟ್ಟಿದ್ದು ಯಾರಿಗೆ ಎಂದು ಚಿಕ್ಕವೆಂಕಟಪ್ಪನಿಗೆ ಅನ್ನ ಸೇರದಾಯಿತು. ಕೊನೆಗೆ ಒಬ್ಬನೇ ಹೋಗಿ ಕೊಟ್ಟಿಗೆಯ ಮುಂದೆ ಕೂತ.

"ತಪ್ಪಾಯ್ತಕ್ಕಾ. ನಿನ್ನ ಕೇಳ್ಬೇಕಾಗಿತ್ತು."

"ತಪ್ಪೇನ್ ಬುಡು, ನಿನ್ ಮನ್ಸು ಒಳ್ಳೇದೇ" ಎಂದು ಅಮ್ಮಾಜಮ್ಮ ಅವನ ಮುಂದೆ ಮಜ್ಜಿಗೆಯ ಲೋಟ ಇಟ್ಟಳು. "ಆದ್ರೆ ಆಗೋದ ಮೋಲ್ಡು ಇನ್ನೊಂದ್ಸಲ ಆಕಕ್ಕಾಯ್ತದಾ?"

ಅವನು ಮಜ್ಜಿಗೆ ಕುಡಿಯುತ್ತಾ ಎದುರಿನ ಹೊಸ ಮನೆಯನ್ನೇ ನೋಡಿದ. ಬಾಗಿಲಿನ ಮುಂದಿನ ಜಗಲಿ ಬಯಲಿಗೆ ಬಿದ್ದಿತ್ತು, ಅದಕ್ಕೆ ಮೇಲೆ ಏನೂ ಇರಲಿಲ್ಲ. ಲೋಟ ಕೆಳಗಿಟ್ಟು ಎದ್ದ.

"ಆಯ್ತದೆ. ಸೋಮವಾರ ಜಗಲಿಗೆ ಮೋಲ್ಡು. ಊಟ ನಿಂದು. ನಾನು ಒಂದ್ ಕಾಳೂ ತರಲ್ಲ."

ನಾಲ್ಕಾಳು ಸಾಕಾಗುವಷ್ಟು ಸಣ್ಣ ಮೋಲ್ಡು ಅದು. ಆದರೆ ಕುಪ್ಪುಸ್ವಾಮಿ ಏನು ಹೇಳಿದನೋ, ಕ್ಯಾಸಂಬಳ್ಳಿಯಲ್ಲಿ ನಡೆಯುತ್ತಿದ್ದ ಕೆಲಸ ನಿಲ್ಲಿಸಿ ಮೊದಲ ಮೋಲ್ಡಿನ ದಿನದ ಇಡೀ ಗುಂಪೇ ಬಂದಿತ್ತು. ಚಿಕ್ಕವೆಂಕಟಪ್ಪನೂ ಪಂಚೆ ಎತ್ತಿ ಕಟ್ಟಿ ಸಾಲಿನಲ್ಲಿ ನಿಂತು ಬಾಂಡ್ಲಿ ಸಾಗಿಸಿದ. ಸೊಂಟ ಹಿಡಿದುಕೊಂಡಾಗ ಎಲ್ಲರೂ ಬಾಯಿತುಂಬ ನಕ್ಕರು, ಅವನೂ ನಕ್ಕ.

ಹುಂಜಗಳು ಮೊದಲೇ ಮುಗಿದಿದ್ದರಿಂದ ಈ ಸಲ ಹುರುಳಿಕಾಳಿನ ಸಾರು. ಯಾರೂ ಕೋಳಿಯ ಸುದ್ದಿ ಎತ್ತಲಿಲ್ಲ. ಅಮ್ಮಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬಳೇ ಬಡಿಸಿದಳು. ವೆಂಕಟರತ್ನಮ್ಮ ಸೌಟಿಗೆ ಕೈ ಹಾಕಿದರೆ ಗದರಿಸಿ ಕೂರಿಸಿದಳು. ಬೇಡವೆಂದವರಿಗೂ ಹಾಕಿದಳು, ಬೇಕೆಂದವರಿಗೆ ಎರಡು ಹಾಕಿದಳು. ಅವಳ ಮುಖದ ಮೇಲಿನ ಗೆಲುವನ್ನು ನೋಡಿ ಚಿಕ್ಕವೆಂಕಟಪ್ಪನ ಕಣ್ಣು ತುಂಬಿ ಬಂತು. ಇಷ್ಟು ಮನೆ ಕಟ್ಟಿದ್ದರೂ ಇಂಥ ಸಂತೋಷವನ್ನು ಅವನು ಕಂಡಿರಲಿಲ್ಲ.

ಎರಡನೆಯ ಮುದ್ದೆಗೆ ಅವಳು ಬಾಗಿದಾಗ ಅವನು ಎಲೆಗೆ ಕೈ ಅಡ್ಡ ಹಿಡಿದ. "ಅರ್ಧ ಸಾಕಕ್ಕಾ, ಆಗಲ್ಲ."

"ಕೈ ತೆಗಿ ಮೇಸ್ತ್ರಿ" ಎಂದಳು ಅಮ್ಮಾಜಮ್ಮ. "ನಮ್ಮನೇಲಿ ಕೂತೋರು ಅರ್ಧ ಒಟ್ಟೇಲಿ ಏಳೋ ಅಂಗಿಲ್ಲ."

ಚಿಕ್ಕವೆಂಕಟಪ್ಪ ಕೈ ತೆಗೆದ. ಅವಳು ಇಡೀ ಮುದ್ದೆ ಇಟ್ಟು, ಮೇಲೆ ಸಾರು ಬಿಟ್ಟು, ಮುಂದಿನವನ ಎಲೆಗೆ ಹೋದಳು.