ಕರಿಕಿವಿಯ ಕಾಲಿನ ಕೆಂಪು ಬಟ್ಟೆ

ಏಪ್ರನ್ನಿನ ಜೇಬು ತಣ್ಣಗೆ ತೊಡೆಗೆ ಅಂಟಿಕೊಳ್ಳುತ್ತಿದೆ, ಒಳಗೆ ತುರುಕಿದ ಕೆಂಪು ಬಟ್ಟೆಯ ನೀರು ಇನ್ನೂ ಸೋರುತ್ತಿದೆ, ಯಾರಾದರೂ ನೋಡಿದರೆ ಏನಕ್ಕ ಇದು ಅಂತ ಕೇಳಿಯೇ ಕೇಳುತ್ತಾರೆ — ಕೇಳಲಿ, ಕೈ ತೊಳೆದೆ ಅಂದರಾಯಿತು, ಡೈರಿಯ ಹಾಲಿನ ಟ್ಯಾಂಕು ನೋಡಿಕೊಳ್ಳುವ ಟ್ಯಾಂಕಕ್ಕ ದಿನಕ್ಕೆ ನೂರು ಸಲ ಕೈ ತೊಳೆಯುವವಳು ಎನ್ನುವುದು ಊರಿಗೇ ಗೊತ್ತು. ಎದುರಿಗೆ ಆ ಟ್ಯಾಂಕು, ಹಾಲು ಕಲಕುವ ಅಲಗು ಗರ್ರೆಂದು ತಿರುಗುತ್ತಿದೆ, ಇಪ್ಪತ್ತೆರಡು ಮನೆಗಳ ಹಾಲು, ಅದರಲ್ಲಿ ಅವಳ ಮನೆಯದು, ಅವಳ ಮನೆಯದರಲ್ಲಿ ಕರಿಕಿವಿಯದೂ. ಕೆಚ್ಚಲು ಬಾವು ಬಂದ ಕರಿಕಿವಿಗೆ ಮೊನ್ನೆಯಷ್ಟೇ ಸೂಜಿ ಹಾಕಿಸಿದ್ದು, ಔಷಧಿ ಇಳಿಯುವ ತನಕ ಅದರ ಹಾಲು ಚರಂಡಿಗೆ, ಗುರುತಿಗೆ ಹಿಂಗಾಲಿಗೊಂದು ಕೆಂಪು ಬಟ್ಟೆ, ಊರಿನ ಯಾವ ಕೊಟ್ಟಿಗೆಗೆ ಹೋದರೂ ಇದೇ ನಿಯಮ, ನಿಯಮ ತಂದವಳೂ ಅವಳೇ — ಮನೆಮನೆಗೆ ಬಟ್ಟೆ ಹರಿದು ಹಂಚಿದವಳು, ಕೆಂಪು ಕಂಡರೆ ಬೇರೆ ಬಕೆಟ್ಟು, ನಿದ್ದೆಗಣ್ಣಲ್ಲಿ ಕರೆದರೂ ತಪ್ಪಾಗಬಾರದು ಎಂದವಳು. ನಿನ್ನೆ ಸಂಜೆ ಅದೇ ಬಟ್ಟೆಗೆ ಸಗಣಿ ಮೆತ್ತಿದೆಯೆಂದು ಬಿಚ್ಚಿ, ಸೋಪು ಹಾಕಿ ತಿಕ್ಕಿ, ಹಗ್ಗದ ಮೇಲೆ ಹರವಿದವಳೂ ಅವಳೇ. ಥೂ, ಎಂಥ ಚೊಕ್ಕತನ, ಒಗೆದ ಬಟ್ಟೆ ಬೇಕು ಅಂತ ಹಸು ಕೇಳಿತ್ತಾ.

ಹಿಂದಿನ ಮನೆಯವನು ಬೆಳಗಾಗುತ್ತಲೇ ಬಂದು ಕದ ಬಡಿಯದಿದ್ದರೆ ಹೀಗಾಗುತ್ತಿರಲಿಲ್ಲ, ಅವನ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು, ಅಕ್ಕ ನೀನೇ ಬರಬೇಕು, ಹೋದಳು, ಹೋಗದೆ ಇರುವ ಜಾಯಮಾನವೇ ಅಲ್ಲ, ಮೊಳಕೈವರೆಗೆ ಕೈ ಹಾಕಿ ಮಡಚಿದ ಕಾಲು ಬಿಡಿಸಿ ಎಳೆದದ್ದು, ಕರು ಸೀನಿ ಉಸಿರಾಡಿದ್ದು, ಓಡಿ ಬಂದು ತನ್ನ ಏಳು ಹಸುಗಳನ್ನೂ ಒಂದೇ ಗಡಿಬಿಡಿಯಲ್ಲಿ ಕರೆದದ್ದು — ಕೈ ಇಲ್ಲಿತ್ತು, ತಲೆ ಆ ಕರುವಿನ ಹತ್ತಿರವೇ ಇತ್ತು, ಕಾಲಲ್ಲಿ ಕೆಂಪಿಲ್ಲ, ಕೆಂಪಿಲ್ಲದಿದ್ದರೆ ಒಳ್ಳೆ ಬಕೆಟ್ಟು, ಅಷ್ಟೇ. ಹಾಲು ಟ್ಯಾಂಕಿಗೆ ಸುರಿದು, ಕ್ಯಾನು ತೊಳೆಯಲು ಮನೆಗೆ ಹೋದರೆ ಹಗ್ಗದ ಮೇಲೆ ಅದು, ಮಂಜಿಗೆ ಒಣಗದೆ, ತುದಿಯಿಂದ ತೊಟ್ಟು, ತೊಟ್ಟು. ಗಂಡ ಅಲ್ಲೇ ಮೇವು ಕೊಚ್ಚುತ್ತಿದ್ದ, ಹೇಳಿದಳು, ಕೊಚ್ಚುವುದು ನಿಲ್ಲಿಸದೆಯೇ ಅಂದ, ಆರು ಲೀಟರು ಕಣೇ, ಅಷ್ಟು ಹಾಲಲ್ಲಿ ಎಲ್ಲಿ ಗೊತ್ತಾಗತ್ತೆ, ಇವತ್ತೊಂದು ದಿನ ಬಾಯಿ ಮುಚ್ಕೊಂಡಿರು. ಗೊತ್ತಾಗದೆಯೂ ಇರಬಹುದು. ಪೇಟೆ ಡೈರಿಯ ಪರೀಕ್ಷೆಯಲ್ಲಿ ಗೊತ್ತಾದರೆ ಹಾಲೊಯ್ಯುವ ಲಾರಿಯಲ್ಲಿರುವ ನಾಲ್ಕೂರಿನ ಹಾಲೂ ಚರಂಡಿಗೆ, ಈ ಊರಿನ ಹಾಲು ಇನ್ನು ಬೇಡ ಅಂದುಬಿಡುತ್ತಾರೆ — ಗೊತ್ತಾಗದಿದ್ದರೆ ಎಲ್ಲಿಗೆ, ಯಾರದೋ ಮಗುವಿನ ಲೋಟಕ್ಕೆ. ಎರಡರಲ್ಲಿ ಯಾವುದು ಹೆಚ್ಚು ಹೆದರಿಕೆ ಎಂದು ಅವಳಿಗೇ ಹೇಳಲು ಬರುತ್ತಿಲ್ಲ.

ಗೋಡೆಗೊರಗಿ ನಾದಿನಿ ನಿಂತಿದ್ದಾಳೆ, ಗಂಡನ ತಂಗಿ, ಹಾಲು ಸುರಿದ ಖಾಲಿ ಕ್ಯಾನು ಕಾಲ ಬಳಿ, ಮುಖ ಆ ಕಡೆ. ಹೋದ ವರ್ಷ ಅವಳೂ ಹೀಗೇ ಸೂಜಿ ಹಾಕಿದ ಹಸುವಿನ ಹಾಲು ಬೇರೆ ಇಡಲು ಒಂದು ಹೊತ್ತು ಮರೆತಿದ್ದಳು, ಒಂದೇ ಚೊಂಬು ಅತ್ತಿಗೆ, ಯಾರಿಗೂ ಹೇಳ್ಬೇಡಿ, ಕೈ ಹಿಡಿದುಕೊಂಡಿದ್ದಳು, ಆ ಕೈ ಕೊಡವಿ ತಾನೇ ಎಲ್ಲರೆದುರು ಹೇಳಿದ್ದು, ಟ್ಯಾಂಕು ಖಾಲಿ ಮಾಡಿಸಿದ್ದು, ಒಂದು ತಿಂಗಳು ಅವಳ ಮನೆಯ ಹಾಲು ಬೇಡ ಎಂದದ್ದು — ನಿಯಮ ಅಂದ್ರೆ ನಿಯಮ, ನಮ್ಮೋರು ತಮ್ಮೋರು ಅಂತ ನೋಡಕ್ಕಾಗಲ್ಲ — ಎಷ್ಟು ಚೆನ್ನಾಗಿ ಹೇಳಿದ್ದಳು, ಕತ್ತು ನೆಟ್ಟಗೆ ಮಾಡಿಕೊಂಡು. ಅಂದಿನಿಂದ ನಾದಿನಿ ಅವಳ ಹೊಸ್ತಿಲು ತುಳಿದಿಲ್ಲ, ಒಂದು ಮಾತಿಲ್ಲ. ಇವತ್ತು ನಾದಿನಿಯ ಹಾಲೂ ಇದೇ ಟ್ಯಾಂಕಿನಲ್ಲಿದೆ, ಚೆಲ್ಲಿದರೆ ಅದೂ ಹೋಗುತ್ತದೆ, ಈ ಸಲವೂ ಚೆಲ್ಲಿಸುವವಳು ಅತ್ತಿಗೆಯೇ. ತಿರುವಿನಲ್ಲಿ ಹಾರ್ನು, ಬ್ರೇಕು, ಲಾರಿ ಹಿಂದೆ ಹಿಂದೆ ಬರುತ್ತಿದೆ, ಮೀಸೆ ಡ್ರೈವರ್ ಇಳಿದ, ಪೈಪು ಎಳೆದ, ಏನಕ್ಕ, ಬೆಳಬೆಳಗ್ಗೆ ಕರು ಉಳಿಸಿದ್ರಂತೆ, ದಾರಿಯುದ್ದಕ್ಕೂ ನಿಮ್ಮದೇ ಸುದ್ದಿ, ನಿಮ್ಮಂಥೋರು ಊರಿಗೊಬ್ಬರು ಇರ್ಬೇಕು. ನಗುತ್ತಾಳೆ, ತುಟಿ ಮಾತ್ರ ನಗುತ್ತದೆ. ಪೈಪಿನ ಬಾಯಿ ಟ್ಯಾಂಕಿನ ನಲ್ಲಿಯ ಹತ್ತಿರ ಬರುತ್ತಿದೆ, ಹೇಳು, ಈಗ ಹೇಳು, ಒಂದೇ ದಿನ ತಾನೇ, ಬಾಯಿ ಮುಚ್ಕೊಂಡಿರು, ಒಂದೇ ಚೊಂಬು ಅತ್ತಿಗೆ, ಹಗ್ಗದ ಮೇಲೆ ತೊಟ್ಟು, ತೊಟ್ಟು, ಕೈ ಜೇಬಿಗೆ ಹೋಗಿದೆ, ಒದ್ದೆ ಬಟ್ಟೆ ಹೊರಗೆ ಬಂದಿದೆ, ನಲ್ಲಿಯ ಕತ್ತಿಗೆ ಒಂದು ಸುತ್ತು, ಎರಡು ಗಂಟು, ಹಸುವಿನ ಕಾಲಿಗೆ ಕಟ್ಟುವ ಹಾಗೇ. ಡ್ರೈವರ್ ಪೈಪು ಕೆಳಗಿಟ್ಟ. ಗೋಡೆಯ ಹತ್ತಿರ ಕ್ಯಾನು ಸದ್ದಾಯಿತು, ನಾದಿನಿ ಈ ಕಡೆ ತಿರುಗಿದ್ದಾಳೆ, ಯಾರ ಮನೇದು, ಅಂದಳು, ಒಂದು ವರ್ಷದ ಮೇಲೆ ಮೊದಲ ಮಾತು. ನಂದು. ಹೇಳಿದ್ದು ತಾನೇ ಇರಬೇಕು. ಇನ್ನು ನಾದಿನಿ ಏನೆನ್ನುತ್ತಾಳೆ, ಗಂಡ ಏನೆನ್ನುತ್ತಾನೆ, ಇಪ್ಪತ್ತೆರಡು ಮನೆ — ಏನೂ ಹೊಳೆಯುತ್ತಿಲ್ಲ, ಕಣ್ಣೆದುರಿಗೆ ಸ್ಟೀಲಿನ ಮೇಲೆ ಕೆಂಪು ಬಟ್ಟೆ, ಚೆನ್ನಾಗಿ ಒಗೆದದ್ದು, ಒಂದು ಕಲೆಯಿಲ್ಲ, ತುದಿಯಲ್ಲಿ ಒಂದು ತೊಟ್ಟು ನೀರು, ಬೀಳದೆ ನಿಂತಿದೆ.