ಹದಿನೈದರಲ್ಲಿ ನಿಂತ ಮೊತ್ತ

ಇಪ್ಪತ್ತೆರಡು ವರ್ಷ ನಾನು ಬೋರ್ಡಿಗೆ ಮುಖ, ವಿದ್ಯಾರ್ಥಿಗಳಿಗೆ ಬೆನ್ನು ಮಾಡಿ ಗಣಿತ ಕಲಿಸಿದೆ. ನಾನು ಬರೆದದ್ದನ್ನು ಅವರು ಬರೆದುಕೊಂಡರು, ಪರೀಕ್ಷೆಯಲ್ಲಿ ಅದನ್ನೇ ಕಕ್ಕಿದರು, ಪದವಿ ಹಿಡಿದು ಹೋದರು. ಈ ವರ್ಷ ಸಾಕೆನಿಸಿತು. ಪ್ರಶ್ನೆ ನನ್ನದು, ಉತ್ತರ ನಿಮ್ಮದು, ಸರಿಯೋ ತಪ್ಪೋ ಅಂತ ನನ್ನನ್ನು ಕೇಳಬೇಡಿ ಎಂದು ಮೊದಲ ದಿನವೇ ಸಾರಿಬಿಟ್ಟೆ. ಲ್ಯಾಬಿನ ಹತ್ತು ಹಳೆಯ ಕಂಪ್ಯೂಟರುಗಳಿಗೆ ಗಣಿತದ ಒಂದು ಮುಕ್ತ ತಂತ್ರಾಂಶ ಹಾಕಿಸಿದೆ. ಪುಕ್ಕಟೆ ಸಿಗುತ್ತದೆ, ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು. ವಿಭಾಗದ ಮುಖ್ಯಸ್ಥರು ಮೂಗು ಮುರಿದರೂ ಒಂದು ಸೆಮಿಸ್ಟರ್ ಮಟ್ಟಿಗೆ ಒಪ್ಪಿದರು.

ಎಡವಟ್ಟಾದದ್ದು ಗುರುವಾರ. ಒಂದು, ಅದಕ್ಕೆ ಅರ್ಧ, ಅದಕ್ಕೆ ಮೂರನೇ ಒಂದು, ನಾಲ್ಕನೇ ಒಂದು, ಹೀಗೆ ಕೂಡಿಸುತ್ತಲೇ ಹೋದರೆ ಮೊತ್ತ ಎಲ್ಲಾದರೂ ನಿಲ್ಲುತ್ತದೆಯೇ ಎಂದು ಕೇಳಿದ್ದೆ. ಕಂಪ್ಯೂಟರಿನಲ್ಲಿ ಕೂಡಿಸಿದರು. ಇಪ್ಪತ್ತೊಂದು ಲಕ್ಷ ಪದಗಳ ಹೊತ್ತಿಗೆ ಮೊತ್ತ 15.4ರ ಹತ್ತಿರ ನಿಂತಿತು. ಕೋಟಿ ಪದ ಸೇರಿಸಿದರೂ ಜಗ್ಗಲಿಲ್ಲ. ಇಡೀ ತರಗತಿ ಒಮ್ಮತದಿಂದ ‘ಮೊತ್ತ 15.4ರಲ್ಲಿ ನಿಲ್ಲುತ್ತದೆ’ ಎಂದು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆಯಿತು.

ಅದು ಶುದ್ಧ ತಪ್ಪು. ಆ ಮೊತ್ತ ಎಲ್ಲಿಯೂ ನಿಲ್ಲುವುದಿಲ್ಲ, ತೆವಳುತ್ತ ತೆವಳುತ್ತ ಯಾವ ಸಂಖ್ಯೆಯನ್ನಾದರೂ ದಾಟುತ್ತದೆ. ಎಡವಟ್ಟಿನ ಬೇರು ನಾನೇ. ಹಳೆಯ ಯಂತ್ರಗಳಿಗೆ ಭಾರವಾಗದಿರಲೆಂದು, ಪ್ರತಿ ಸಂಖ್ಯೆಯ ಏಳೆಂಟು ಅಂಕಿಗಳನ್ನಷ್ಟೇ ಇಟ್ಟುಕೊಳ್ಳುವಂತೆ ತಂತ್ರಾಂಶವನ್ನು ಹೊಂದಿಸಿ ಮರೆತಿದ್ದೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅಷ್ಟರಲ್ಲಿ ಮುಖ್ಯಸ್ಥರು ಒಳಗೆ ಬಂದರು.

ಅವರು ಬೋರ್ಡನ್ನು ನೋಡಿದರು, ಆಮೇಲೆ ನನ್ನನ್ನು. “ಏನ್ರೀ ಇದು? ಅಷ್ಟೂ ಜನ ಸೇರ್ಕೊಂಡು ತಪ್ಪು ಬರೆದಿದ್ದಾರೆ, ನೀವು ಕೂತ್ಕೊಂಡು ನೋಡ್ತಾ ಇದ್ದೀರಾ?”

“ಅವರೇ ಕಂಡುಹಿಡೀತಾರೆ ಸರ್.”

“ನಾಳೆ ಹತ್ತು ಗಂಟೆಗೆ ಬರ್ತೀನಿ. ಸರಿ ಉತ್ತರ, ಅದರ ಸಾಧನೆ ಎರಡೂ ಬೋರ್ಡ್ ಮೇಲಿರಬೇಕು. ನೀವು ಹೇಳಿಕೊಟ್ಟಿರಬಾರದು. ಇಲ್ದಿದ್ರೆ ಸೋಮವಾರದಿಂದ ತೆಪ್ಪಗೆ ನೋಟ್ಸ್ ಬರೆಸಿ.”

ಉತ್ತರ ತಪ್ಪೆಂದು ಅವರ ಬಾಯಿಂದಲೇ ಹೊರಬಿದ್ದಿತ್ತು, ಆದರೆ ಏಕೆಂಬುದು ಹೊರಬಿದ್ದಿರಲಿಲ್ಲ. ಮಕ್ಕಳು ನನ್ನನ್ನು ಮುತ್ತಿಕೊಂಡರು. ನಾನು ಚೀಲ ಎತ್ತಿಕೊಂಡು ಹೊರಟೆ.

ಮನೆಯಲ್ಲಿ ಅತ್ತೆಗೆ ನಗು. “ಇಲ್ಲಿ ಉಪ್ಪು ಹೆಚ್ಚಾದ್ರೂ ಊರೆಲ್ಲ ಕೇಳೋ ಹಾಗೆ ಬಾಯಿ ಮಾಡ್ತೀಯ. ಅಲ್ಲಿ ಒಂದು ಮಾತು ಹೇಳೋಕೆ ನಿಂಗೇನು ಕಷ್ಟ? ನಿನ್ನ ಗಂಟೇನು ಹೋಗುತ್ತೆ?”

“ಹೇಳಿದ್ರೆ ಅದು ನನ್ನ ಉತ್ತರ ಆಗುತ್ತೆ, ಅತ್ತೆ.”

ಹೇಳಿದ್ದೇನೋ ಜಂಬದಿಂದ. ಆದರೆ ಮತ್ತೆ ಆ ನೋಟ್ಸಿಗೆ ಮರಳುವುದೆಂದರೆ ನನಗೆ ಭಯವಾಗಿತ್ತು. ವಿದ್ಯಾರ್ಥಿಗಳಿಗೆ ಸುಳಿವು ಕೊಡಲೆಂದು ಎರಡು ಸಲ ಫೋನ್ ಕೈಗೆತ್ತಿಕೊಂಡೆ, ಎರಡು ಸಲವೂ ಕೆಳಗಿಟ್ಟೆ.

ಮರುದಿನ ಹತ್ತಕ್ಕೆ ಸರಿಯಾಗಿ ಮುಖ್ಯಸ್ಥರು ಬಂದು ಮುಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತರು. ಎದ್ದು ಬಂದವಳು ತೂಕದಕ್ಕ. ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವಳು, ಬೆಳಿಗ್ಗೆ ಲಾರಿಗಳನ್ನು ತೂಗುವ ವೇ ಬ್ರಿಡ್ಜಿನಲ್ಲಿ ಕೆಲಸ, ಅಲ್ಲಿಂದಲೇ ಆ ಹೆಸರು. ಈ ವಿಷಯದಲ್ಲಿ ಎರಡು ಸಲ ನಪಾಸಾದವಳು.

“ಸರ್, ಮೊದಲು ತಪ್ಪು ಎಲ್ಲಾಯ್ತು ಅಂತ ಹೇಳ್ತೀನಿ,” ಎಂದು ಅವಳು ಪರದೆಯ ಮೇಲೆ ತಂತ್ರಾಂಶದ ಕೋಡನ್ನೇ ತೆರೆದಳು. “ರಾತ್ರಿ ಎಲ್ಲರೂ ಒಂದೊಂದು ಭಾಗ ಹಂಚ್ಕೊಂಡು ಓದಿದ್ವಿ. ಇಲ್ಲಿದೆ ನೋಡಿ, ಇದು ಏಳೆಂಟು ಅಂಕಿ ಅಷ್ಟೇ ಇಟ್ಕೊಳ್ಳುತ್ತೆ. ಇಪ್ಪತ್ತು ಟನ್ ಲಾರಿಗೆ ಒಂದು ಹಿಡಿ ಜಲ್ಲಿ ಹಾಕಿದ್ರೆ ನಮ್ಮಲ್ಲೂ ಅಂಕಿ ಬದಲಾಗಲ್ಲ. ಆದ್ರೆ ಲಾರಿಯಲ್ಲಿ ಜಲ್ಲಿ ಉಳ್ಕೊಳ್ಳುತ್ತೆ, ಹಾಕ್ತಾ ಹೋದ್ರೆ ಯಾವಾಗಲೋ ಅಂಕಿ ಏರುತ್ತೆ. ಈ ಕಂಪ್ಯೂಟರ್ ಪ್ರತಿ ಹಿಡೀನೂ ಆಚೆ ಬಿಸಾಕುತ್ತೆ. ಮೊತ್ತ ನಿಂತಿಲ್ಲ ಸರ್, ಯಂತ್ರ ನಿಂತಿದೆ.”

“ಸರಿ, ಯಂತ್ರ ನಿಂತಿದೆ. ಮೊತ್ತ ನಿಲ್ಲಲ್ಲ ಅನ್ನೋಕೆ ಏನು ಆಧಾರ?”

“ಹಿಡಿ ಹಿಡಿ ಹಾಕಬಾರದು, ಬುಟ್ಟಿ ತುಂಬಿಸಿ ಹಾಕಬೇಕು.” ಅವಳು ಸೀಮೆಸುಣ್ಣ ಎತ್ತಿಕೊಂಡಳು. “ಮೂರನೇ ಒಂದು, ನಾಲ್ಕನೇ ಒಂದು, ಇವೆರಡು ಒಂದು ಬುಟ್ಟಿ. ಎರಡೂ ನಾಲ್ಕನೇ ಒಂದಕ್ಕಿಂತ ಕಡಿಮೆ ಇಲ್ಲ. ಅಂದ್ರೆ ಬುಟ್ಟಿ ಅರ್ಧಕ್ಕಿಂತ ಕಡಿಮೆ ತೂಗಲ್ಲ. ಮುಂದಿನ ನಾಲ್ಕು ಇನ್ನೊಂದು ಬುಟ್ಟಿ. ಅದರಲ್ಲಿ ಒಂದೊಂದೂ ಎಂಟನೇ ಒಂದಕ್ಕಿಂತ ಕಡಿಮೆ ಇಲ್ಲ, ಅದೂ ಅರ್ಧ ದಾಟುತ್ತೆ. ಆಮೇಲೆ ಎಂಟು, ಆಮೇಲೆ ಹದಿನಾರು. ಪ್ರತಿ ಬುಟ್ಟೀನೂ ಅರ್ಧಕ್ಕೆ ಮೋಸ ಇಲ್ಲ.”

“ಬುಟ್ಟಿಗಳು ಮುಗಿದುಹೋದ್ರೆ?”

“ಸಂಖ್ಯೆಗಳು ಮುಗಿದ್ರೆ ತಾನೆ ಸರ್ ಬುಟ್ಟಿ ಮುಗಿಯೋದು? ನೂರು ಬೇಕಾ, ಇನ್ನೂರು ಬುಟ್ಟಿ ಹಾಕಿ. ಸಾವಿರ ಬೇಕಾ, ಎರಡು ಸಾವಿರ.”

ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹೊಡೆದರು. ಮುಖ್ಯಸ್ಥರು ಕಟ್ಟಿದ ಕೈ ಬಿಚ್ಚಿದರು. “ಈ ಸಾಧನೆ ಮೂವತ್ತು ವರ್ಷದಿಂದ ಬರೆಸ್ತಾ ಇದ್ದೀನಿ,” ಎಂದರು. “ನಿಜ ಹೇಳಮ್ಮ, ಇದನ್ನ ಮೇಡಂ ಹೇಳಿಕೊಟ್ರಾ?”

ತೂಕದಕ್ಕನಿಗೆ ಸಿಟ್ಟು ಉಕ್ಕಿಬಂತು. “ಇವರಾ? ಇವರ ಹತ್ರ ಕೇಳಿ ಏನೂ ಪ್ರಯೋಜನ ಇಲ್ಲ ಸರ್. ನಿನ್ನೆ ನಾವೆಲ್ಲ ಗೋಗರೆದ್ವಿ, ಚೀಲ ಎತ್ಕೊಂಡು ಹೊರಟುಬಿಟ್ರು. ಒಂದಕ್ಷರ ಹೇಳಿಕೊಡಲ್ಲ. ಎಲ್ಲಾ ನಾವೇ ಮಾಡ್ಕೋಬೇಕು.”

ದೂರು ಅದು, ಅಪ್ಪಟ ದೂರು, ಅದೂ ಮುಖ್ಯಸ್ಥರ ಮುಂದೆ. ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ಒಳ್ಳೆಯ ಪ್ರಶಸ್ತಿಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ಹಿಗ್ಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

“ಸೋಮವಾರ ನೋಟ್ಸ್ ಬೇಡ, ಹೀಗೇ ನಡೀಲಿ,” ಎಂದರು ಮುಖ್ಯಸ್ಥರು ಮೇಲೇಳುತ್ತ. ಆ ಮಾತು ಕೇಳಿಸಿಕೊಂಡವಳು ನಾನೊಬ್ಬಳೇ. ಇದೇ ಸಂಖ್ಯೆಗಳಲ್ಲಿ ಒಂದನ್ನು ಕೂಡಿಸಿ ಮತ್ತೊಂದನ್ನು ಕಳೆಯುತ್ತ ಹೋದರೆ ಮೊತ್ತ ಏನಾಗುತ್ತದೆಂದು ಹುಡುಗಿಯೊಬ್ಬಳು ಕೇಳಿಬಿಟ್ಟಿದ್ದಳು, ತರಗತಿಯೆಲ್ಲ ಬೋರ್ಡಿನ ಮುಂದೆ ಜಗಳಕ್ಕೆ ನಿಂತಿತ್ತು.