ಎತಿಯೆನ್‌ನನ್ನು ಕೊಲ್ಲಬೇಕಾಗಿದ್ದ ಸಂಜೆ

೧
ಎಲ್ಲಿಂದ ಶುರು ಮಾಡೋದು? ಪ್ಯಾರಿಸ್ಸಿನ ಬೀದಿಯಿಂದಲೋ, ಹೊಸದುರ್ಗದ ಬೀರೇಶನ ಆಫ್‌ಸೆಟ್ ಪ್ರೆಸ್ಸಿನಿಂದಲೋ? ಬೀರೇಶನ ಹೆಂಡತಿ ದೇವಿಕಾ ಅಲ್ಲೇ ಡಿಟಿಪಿ ಮಾಡುತ್ತಾಳೆ. ಲಗ್ನಪತ್ರಿಕೆ ಇಲ್ಲದ ಹೊತ್ತಲ್ಲಿ ಕತೆ ಬರೆಯುತ್ತಾಳೆ. "ಸೀನ್ ನದಿಯ ಮೇಲೆ ಮಂಜು ಕವಿದಿತ್ತು" ಎಂದು ಟೈಪ್ ಮಾಡಿದಳು. ಅಳಿಸಿದಳು. (ಸೀನ್ ನದಿಯನ್ನು ಅವಳೂ ಕಂಡಿಲ್ಲ, ನಾನೂ ಕಂಡಿಲ್ಲ. ನಮ್ಮೂರ ಕಡೆಯ ವೇದಾವತಿ ಹೊಳೆಯಾದರೆ ಮಾತು ಬೇರೆ.)

೨
ಅವಳ ನಾಯಕ ಎತಿಯೆನ್, ಮುದ್ರಕ, ಪುಸ್ತಕದ ವ್ಯಾಪಾರಿ. ರಾಜನ ಕಾಲದಲ್ಲಿ ಅಂಗಡಿಯ ಕಟ್ಟೆಯ ಮೇಲೆ ಪ್ರಾರ್ಥನೆಯ ಪುಸ್ತಕ, ಕಟ್ಟೆಯ ಕೆಳಗೆ ನಿಷೇಧವಾದ ಪುಸ್ತಕ ಇಟ್ಟು ಮಾರಿ ಜೈಲು ಕಂಡವನು. ಕ್ರಾಂತಿ ಬಂತು; ಕೈದಿಯಾಗಿದ್ದವನು ಪತ್ರಿಕೆ ಅಚ್ಚು ಹಾಕುವ ದೊಡ್ಡ ಮನುಷ್ಯನಾದ. ಆಮೇಲೆ ಕ್ರಾಂತಿಗೂ ಟೀಕೆ ಸಹಿಸಲಾಗಲಿಲ್ಲ. "ತಲೆ ಕಡಿಯುವುದು ನಿಲ್ಲಲಿ" ಎನ್ನುವ ಕರಪತ್ರದ ಅಡಿಯಲ್ಲಿ ಅವನ ಹೆಸರಿತ್ತು. ಈಗ ಸೈನಿಕರು ಬಾಗಿಲು ಬಡಿಯುತ್ತಿದ್ದಾರೆ.

(ಒಳ್ಳೇ ಕ್ಲೈಮ್ಯಾಕ್ಸ್ ಅಂತ ಬೆಳಿಗ್ಗೆ ಅವಳಿಗೂ ಖುಷಿಯಾಗಿತ್ತು.)

೩
ಮಧ್ಯಾಹ್ನ ಬೀರೇಶನಿಗೆ ಪೊಲೀಸ್ ಸ್ಟೇಷನ್ನಿಂದ ಫೋನ್ ಬಂತು. ಸಂತೆ ಮೈದಾನದಲ್ಲಿ ಕಾಂಪ್ಲೆಕ್ಸ್ ಬೇಡವೆಂದು ಸೊಪ್ಪು ಮಾರುವ ಗಂಗಕ್ಕ ಅವನ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ್ದ ಕರಪತ್ರದ ಮೇಲೆ ಯಾರೋ ಕಂಪ್ಲೇಂಟ್ ಕೊಟ್ಟಿದ್ದರು. ಪ್ರೆಸ್ಸಿನ ಹೆಸರು ಹಾಕಬ್ಯಾಡ್ರಿ ಅಂತ ದೇವಿಕಾ ಆವತ್ತೇ ಹೇಳಿದ್ದಳು.

"ಹೆಸರು ಹೇಳಾಕೆ ನಾಚ್ಕೆ ಪಡೋ ಅಂಥದ್ದು ಏನೈತೆ ಅದ್ರಾಗೆ?" ಅಂದಿದ್ದ ಬೀರೇಶ.

ಸ್ಟೇಷನ್ನಿಗೆ ಹೋದವನು ಇನ್ನೂ ಬಂದಿಲ್ಲ. ಫೋನ್ ಸ್ವಿಚ್ ಆಫ್.

೪
ಕೊನೆ ಒಂದು: ಗಿಲೋಟಿನ್, ತಲೆ ಕಡಿಯುವ ಯಂತ್ರ. ಟೈಪ್ ಮಾಡಲು ಕೀಬೋರ್ಡಿನ ಮೇಲೆ ಬೆರಳಿಟ್ಟಳು.

"ತಡಿಯವ್ವ," ಎಂದ ಎತಿಯೆನ್. (ಅವನು ಆಡುವುದು ಹೊಸದುರ್ಗದ ಕನ್ನಡವೇ; ಇಲ್ಲಿ ಫ್ರೆಂಚ್ ಯಾರಿಗೆ ಬರುತ್ತೆ?) "ನಿನ್ ಗಂಡ ಇನ್ನೂ ಮನೆಗೆ ಬಂದಿಲ್ಲ. ಅಷ್ಟ್ರಾಗೆ ನನ್ ಕತ್ತು ಹಾರಿಸ್ತೀಯಾ?"

ಕೊನೆ ಎರಡು: ಹಿತ್ತಲ ಬಾಗಿಲಿಂದ ಪರಾರಿ.

"ಹೆಸರು ಹಾಕ್ದೋನು ಹಿತ್ಲಿಂದ ಓಡ್ತಾನಾ?" ಎಂದ ಎತಿಯೆನ್.

"ಸಾಯಾದೂ ಬ್ಯಾಡ, ಓಡಾದೂ ಬ್ಯಾಡ ಅಂದ್ರೆ ನಾನೇನ್ ಮಾಡ್ಲೋ?" ಎಂದು ದೇವಿಕಾ ಗದರಿದಳು. ಗದರುತ್ತಲೇ ಅಳು ಬಂತು.

೫
ದೀಪ ಹಚ್ಚುವ ಹೊತ್ತಿಗೆ ಬೈಕಿನ ಸದ್ದು. ಬೀರೇಶನೇ.

"ಏನಂದ್ರು?"

"ಹೆಸರು, ವಿಳಾಸ ಎಲ್ಲಾ ಐತೆ. ಕದ್ದುಮುಚ್ಚಿ ಮಾಡಿದ್ದಲ್ಲ, ಯಾರನ್ನೂ ಬೈದಿಲ್ಲ, ಕೇಸ್ ಏನಂತ ಹಾಕಾದು ಅಂದ್ರು ಸಾಹೇಬ್ರು. ಚಾ ಕುಡಿಸಿ ಕಳಿಸಿದ್ರು."

"ಮತ್ತೆ ಫೋನು?"

"ಚಾರ್ಜ್ ಹೋಗಿತ್ತು."

"ನಿಮ್ ಫೋನಿಗಿಷ್ಟು ಬೆಂಕಿ ಬೀಳ!" ದೇವಿಕಾ ಪೇಪರ್ ಬಂಡಲಿನ ಮೇಲೆ ಕುಂತುಬಿಟ್ಟಳು. ನಕ್ಕಳೋ ಅತ್ತಳೋ, ನನಗೂ ಸರಿಯಾಗಿ ಕಾಣಲಿಲ್ಲ.

೬
ಬೀರೇಶ ಕಂಪ್ಯೂಟರಿನಲ್ಲಿದ್ದುದನ್ನು ಓದಿದ. "ಇವನನ್ನ ಸಾಯಿಸ್ತೀಯಾ?"

"ಆ ಕಾಲದಾಗೆ ಅಂಥೋರು ಎಷ್ಟೋ ಜನ ಸತ್ರು ಕಣ್ರಿ."

"ಸಾಯ್ಲಿ. ಇವತ್ತು ಬ್ಯಾಡ."

ದೇವಿಕಾ ಫೈಲ್ ಸೇವ್ ಮಾಡಿ, ಮುದ್ದೆಗೆ ಎಸರಿಡಲು ಎದ್ದಳು.

ಎತಿಯೆನ್ ಬಾಗಿಲು ತೆಗೆದನೇ, ಉಳಿದನೇ ಎಂದು ನನ್ನನ್ನು ಕೇಳಬೇಡಿ. ಸೈನಿಕರು ಹೊರಗಿದ್ದಾರೆ, ನಿಂತಿರಲಿ. ಒಳಗೆ ಎತಿಯೆನ್ ಅಚ್ಚುಮೊಳೆಗಳಿಗೆ ಮಸಿ ಹಚ್ಚುತ್ತಿದ್ದಾನೆ